ರಜೆಗೆ ಕಾಡಂಚಿನ ಊರಿಗೆ ಹೊರಟವರಿಗೆ

ಏಪ್ರಿಲ್‌ನಲ್ಲಿ ಶಾಲೆಗಳಿಗೆ ಬೀಗ ಬಿದ್ದರೆ ಬೆಂಗಳೂರು ಹಗುರಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲೂ ಕೊಂಚ ಉಸಿರಾಡಬಹುದು. ಆದರೆ ನಗರದ ಸದ್ದು ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಅದರಲ್ಲೊಂದು ಪಾಲು ಹೆಗ್ಗಡದೇವನಕೋಟೆ ದಾಟಿ ಎನ್. ಬೇಗೂರಿನ ಕಡೆಗೂ ಬರುತ್ತದೆ. ಬಂಡೀಪುರದ ಈ ವಲಯಕ್ಕೆ ಬೇಸಿಗೆಯೇ ಕಷ್ಟಕಾಲ. ಕಾಡಿನ ಕೆರೆಕಟ್ಟೆ ಬತ್ತಿದಾಗ, ಕಬಿನಿ ಹಿನ್ನೀರು ಸರಿದ ಜಾಗದಲ್ಲಿ ಚಿಗುರುವ ಹುಲ್ಲಿಗೆ ಆನೆಗಳು ಮರಿ ಸಮೇತ ಇಳಿಯುತ್ತವೆ. ಜೋರಾದ ಒಂದು ಹಾರ್ನ್ ಸಾಕು, ತಾಯಾನೆ ಮರಿಯನ್ನು ಕಾಲ ನಡುವೆ ಸೇರಿಸಿಕೊಂಡು ನೀರು ಮುಟ್ಟದೆ ತಿರುಗೀತು. ಮೈಸೂರು–ಮಾನಂದವಾಡಿ ರಸ್ತೆಯನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದು, ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರ ಮೇಲೆ ವಾಹನ ತಡೆಯುವುದು, ಎಲ್ಲವೂ ಈ ಜೀವಗಳಿಗಾಗಿಯೇ.

ಪ್ರವಾಸಿಗರಿಲ್ಲದಿದ್ದರೆ ಇಲ್ಲಿನವರ ಹೊಟ್ಟೆಪಾಡೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಜೀಪಿನ ಚಾಲಕರು, ಅಡುಗೆಯವರು ಬೇಸಿಗೆ ರಜೆಯ ತಿಂಗಳುಗಳನ್ನೇ ನೆಚ್ಚಿಕೊಂಡಿರುತ್ತಾರೆ. ಆದ್ದರಿಂದ ಖಂಡಿತ ಬನ್ನಿ. ಆದರೆ ಅವರ ಸಂಪಾದನೆ ನಿಂತಿರುವುದು ಪ್ರಾಣಿಗಳು ಕಾಣಸಿಗುವುದರ ಮೇಲೆ, ನಿಮ್ಮ ಸ್ಪೀಕರಿನ ಮೇಲಲ್ಲ. ಕತ್ತಲಾಗುವ ಮೊದಲೇ ಊರು ಸೇರಿ, ಕಾಡಿನ ನಡುವೆ ಕಾರಿನಿಂದ ಇಳಿಯಬೇಡಿ, ಮಕ್ಕಳಿಗೆ ಕಿಟಕಿ ಇಳಿಸಿ ಸುಮ್ಮನೆ ಕೇಳುವುದನ್ನು ಕಲಿಸಿ.