ಬಳುವಳಿಯ ಭಯ

ಹುಬ್ಬಳ್ಳಿಯ ದುರ್ಗದಬೈಲಿಗೆ ಸಂಜೆಯ ಹೊತ್ತು ಹೋದವರಿಗೆ ಮಿರ್ಚಿ ಭಜಿಯ ಪರಿಮಳವೂ ಪೇಟೆಯ ಗದ್ದಲವೂ ಒಮ್ಮೆಲೇ ಎದುರಾಗುತ್ತವೆ. ತಲೆಮಾರುಗಳಿಂದ ಅಲ್ಲಿ ವ್ಯಾಪಾರ ಮಾಡಿಕೊಂಡು ಬಂದ ಮನೆತನಗಳಿವೆ. ಅಜ್ಜನ ತಕ್ಕಡಿ ಮೊಮ್ಮಗನ ಕೈಗೆ ಬರುತ್ತದೆ. ಅದರ ಜೊತೆಗೆ ಅಜ್ಜನ ಮೂಗೂ ನಗೆಯೂ ಬರುತ್ತವೆ. ರೋಗವೂ ಹೀಗೆಯೇ ಬರುವುದೇ?

ಅಲ್ಲಿನ ವ್ಯಾಪಾರಿಯೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಒಮ್ಮೆ ನನ್ನನ್ನು ಇದನ್ನೇ ಕೇಳಿದ. ಆತನ ಅಜ್ಜಿ ಸೊಂಟದ ಮೇಲಿನ ಮಾಯದ ಹುಣ್ಣಿನಿಂದ ತೀರಿಕೊಂಡಿದ್ದರು. ಅದು ಚರ್ಮದ ಕ್ಯಾನ್ಸರ್ ಎಂದು ಕಡೆಗೆ ತಿಳಿಯಿತು. ಈಗ ತಾಯಿಯ ಸೊಂಟದ ಸುತ್ತಲೂ ಚರ್ಮ ಕಪ್ಪಾಗಿ ಒರಟಾಗಿತ್ತು. “ಸರ, ಇದು ನಮ್ಮ ಮನಿತನದ ರೋಗ ಏನ್ರಿ? ನಾಳೆ ನನ್ನ ಮಗಳಿಗೂ ಬರತೈತೇನ್ರಿ?” ಎಂದಾಗ ಆತನ ದನಿ ನಡುಗುತ್ತಿತ್ತು.

ತಾಯಿಯನ್ನು ಪರೀಕ್ಷಿಸಿದ ವೈದ್ಯರು ರಕ್ತಸಂಬಂಧವನ್ನಲ್ಲ, ಪರಕರದ ಲಾಡಿಯನ್ನು ದೂರಿದರು. ಹತ್ತಾರು ವರ್ಷ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದ ದಾರ ಚರ್ಮವನ್ನು ಉಜ್ಜಿ ಗಾಯಗೊಳಿಸುತ್ತದೆ. ಗಾಯ ಮಾಯುವುದು, ಮತ್ತೆ ಆಗುವುದು ಹೀಗೆಯೇ ನಡೆದರೆ ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿ ಪರಿಣಮಿಸಬಹುದು. ಧೋತರದ ಕಟ್ಟಿನಿಂದಲೂ ಹೀಗಾಗುವುದನ್ನು ಮುಂಬಯಿಯ ವಿಜ್ಞಾನಿ ವಿ. ಆರ್. ಖಾನೋಲ್ಕರ್ ಅವರು 1945ರಲ್ಲಿಯೇ ವಿವರಿಸಿದ್ದರು. ಕಾಶ್ಮೀರದಲ್ಲಿ ಚಳಿಗೆಂದು ಕೆಂಡ ತುಂಬಿದ ಕಾಂಗಡಿಯನ್ನು ನಿಲುವಂಗಿಯೊಳಗೆ ಹಿಡಿದು ಕೂರುವವರ ಹೊಟ್ಟೆ, ತೊಡೆಗಳ ಮೇಲೆ ಬರುವ ಕ್ಯಾನ್ಸರ್ ಕೂಡ ಇಂಥದೇ. ತಂದೆಯೂ ಮಗನೂ ಅದಕ್ಕೆ ತುತ್ತಾದರೆ ನೋಡುವವರಿಗೆ ಅದು ವಂಶದ ಶಾಪದಂತೆ ತೋರುತ್ತದೆ. ಅಲ್ಲಿ ಇಳಿದು ಬಂದದ್ದು ರಕ್ತವಲ್ಲ, ರೂಢಿ. ಲಾಡಿಯನ್ನು ಅಗಲವಾದ ಪಟ್ಟಿಯಾಗಿಸಿ ಸಡಿಲವಾಗಿ ಕಟ್ಟಿದರೆ, ಕಟ್ಟುವ ಜಾಗವನ್ನು ಆಗಾಗ ಬದಲಿಸಿದರೆ, ಮಗಳಿಗೆ ಆ ಬಳುವಳಿ ಸೇರಬೇಕಾಗಿಲ್ಲ.

ಹಾಗೆಂದು ಆನುವಂಶಿಕತೆ ಸುಳ್ಳಲ್ಲ. 1820ರಲ್ಲಿ ವಿಲಿಯಂ ನಾರಿಸ್ ಎಂಬ ಆಂಗ್ಲ ವೈದ್ಯನು ಕಪ್ಪು ಗಂತಿಯಿಂದ ಸತ್ತ ರೋಗಿಯೊಬ್ಬನ ಕುರಿತು ಬರೆಯುತ್ತ, ಆತನ ತಂದೆಯೂ ಇಂಥದೇ ರೋಗದಿಂದ ಸತ್ತನೆಂದು ದಾಖಲಿಸಿದನು. ಇಂದು ಮೆಲನೋಮ ಎನ್ನುವುದು ಈ ರೋಗವನ್ನೇ. ಬಿಳಿಯ ಚರ್ಮದ ಜನರಲ್ಲಿ ಇದು ಹೆಚ್ಚು. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಕಪ್ಪು ಬಣ್ಣವನ್ನು ಹಳಿದು, ಬಿಳುಪಿನ ಮುಲಾಮು ಬಳಿದುಕೊಳ್ಳುವವರು ಈ ಮಾತನ್ನು ಕೇಳಬೇಕು!

ನಮ್ಮ ನಾಡಿಗೆ ಹೆಚ್ಚು ಹತ್ತಿರವಾದದ್ದು ಇನ್ನೊಂದು ರೋಗ. ಹೆಸರು ಜೀರೋಡರ್ಮ ಪಿಗ್ಮೆಂಟೋಸಂ. ಬಿಸಿಲು ಚರ್ಮದ ಜೀವಕೋಶಗಳಲ್ಲಿನ ಡಿ.ಎನ್.ಎ.ಗೆ ಮಾಡುವ ಗಾಯವನ್ನು ನಮ್ಮ ದೇಹ ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಈ ರೋಗವಿರುವ ಮಕ್ಕಳಲ್ಲಿ ಆ ದುರಸ್ತಿಯ ಕೆಲಸ ಕೆಟ್ಟಿರುತ್ತದೆಂದು ಅಮೆರಿಕದ ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿದನು. ಡಿ.ಎನ್.ಎ. ದುರಸ್ತಿಯ ಬಗೆಗಳನ್ನು ವಿವರಿಸಿದ ಮೂವರು ವಿಜ್ಞಾನಿಗಳಿಗೆ 2015ರಲ್ಲಿ ನೊಬೆಲ್ ಬಹುಮಾನ ಬಂದಿತು. ತಂದೆತಾಯಿಗಳಿಬ್ಬರಲ್ಲಿಯೂ ದೋಷವುಳ್ಳ ಒಂದೊಂದು ವಂಶವಾಹಿ ಅಡಗಿದ್ದು, ಎರಡೂ ಮಗುವಿಗೆ ಬಂದರೆ ಮಾತ್ರ ರೋಗ ಕಾಣಿಸುತ್ತದೆ. ಅಂಥ ದಂಪತಿಗಳಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ಇದರ ಸಂಭವ ನಾಲ್ಕರಲ್ಲಿ ಒಂದು. ಒಂದೇ ಮನೆತನದವರಲ್ಲಿ ಒಂದೇ ದೋಷ ಅಡಗಿರುವುದು ಸಹಜವಾದ್ದರಿಂದ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ಪದ್ಧತಿಯಲ್ಲಿ ಈ ಅಪಾಯ ಹೆಚ್ಚುತ್ತದೆ. ಆಸ್ತಿ ಹೊರಗೆ ಹೋಗಬಾರದೆಂದು ಮಾಡಿದ ಸಂಬಂಧ ಹೀಗೆ ದೋಷವನ್ನೂ ಮನೆಯೊಳಗೇ ಉಳಿಸಿಬಿಡಬಹುದು. ಈ ಮಕ್ಕಳಿಗೆ ಎಳವೆಯಲ್ಲಿಯೇ ಮುಖದ ತುಂಬ ಚುಕ್ಕೆಗಳೇಳುತ್ತವೆ, ಕಣ್ಣು ಬೆಳಕನ್ನು ಸಹಿಸುವುದಿಲ್ಲ. ಬೇಗ ಗುರುತಿಸಿ ಬಿಸಿಲಿನಿಂದ ಮರೆಮಾಡಿದರೆ ಕ್ಯಾನ್ಸರನ್ನು ಬಹಳಷ್ಟು ದೂರವಿಡಬಹುದು.

ನಮ್ಮ ಜನರಲ್ಲಿ ಮೆಲನೋಮ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಗಳಲ್ಲಿ. ಇದಕ್ಕೆ ಬಿಸಿಲು ಕಾರಣವೆನ್ನಲಾಗದು. ಮುಖದ ಮಚ್ಚೆಯನ್ನು ಕನ್ನಡಿಯಲ್ಲಿ ದಿನಕ್ಕೆ ಹತ್ತು ಸಲ ನೋಡುವವರೂ ಅಂಗಾಲನ್ನು ನೋಡಿಕೊಳ್ಳುವುದಿಲ್ಲ. ಮಚ್ಚೆಯು ಬೆಳೆಯತೊಡಗಿದರೆ, ಅಂಚು ಸೊಟ್ಟಗಾದರೆ, ಬಣ್ಣ ಬೇರೆಬೇರೆಯಾದರೆ, ಹುಣ್ಣು ತಿಂಗಳಾದರೂ ಮಾಯದಿದ್ದರೆ ಔಷಧದ ಅಂಗಡಿಯ ಮುಲಾಮನ್ನು ನಂಬಿ ಕೂರಬಾರದು. ಹುಬ್ಬಳ್ಳಿಯವರಿಗೆ ವಿದ್ಯಾನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಅಲ್ಲಿಗೆ ಹೋಗುವಾಗ, ಮನೆಯ ಹಿರಿಯರಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಮೈಯ ಯಾವ ಭಾಗದಲ್ಲಿ ರೋಗ ಬಂದಿತ್ತೆಂಬುದನ್ನು ಕೇಳಿ ಬರೆದುಕೊಂಡು ಹೋದರೆ, ಬಂದದ್ದು ರಕ್ತದಿಂದಲೋ ರೂಢಿಯಿಂದಲೋ ಎಂದು ತಿಳಿಯಲು ವೈದ್ಯರಿಗೆ ಅನುಕೂಲವಾಗುತ್ತದೆ.