ನೇಪಾಳದ ಪ್ರಾಚೀನ ಚರಿತ್ರೆ: ಐತಿಹ್ಯ, ಶಿಲೆ, ಮಣ್ಣು

ಭಾರತ ಮತ್ತು ಚೀನ ದೇಶಗಳ ನಡುವೆ, ಹಿಮಾಲಯದ ಮಡಿಲಿನಲ್ಲಿರುವ ಸಣ್ಣ ಪರ್ವತರಾಷ್ಟ್ರವೇ ನೇಪಾಳ. ಪೂರ್ವಕಾಲದಲ್ಲಿ ನೇಪಾಳವೆಂದರೆ ಇಂದಿನ ಇಡೀ ದೇಶವಲ್ಲ. ಸಮುದ್ರಮಟ್ಟದಿಂದ ಸುಮಾರು 1,300 ಮೀಟರು ಎತ್ತರದಲ್ಲಿ ಬೆಟ್ಟಗಳಿಂದ ಸುತ್ತುವರಿಯಲ್ಪಟ್ಟ ಕಠ್ಮಂಡು ಕಣಿವೆಗೇ ಆ ಹೆಸರು ಸಲ್ಲುತ್ತಿತ್ತು. ಈ ನಾಡಿನ ಆದಿಚರಿತ್ರೆಯನ್ನು ತಿಳಿಯಲು ನಮಗೆ ಮೂರು ಬಗೆಯ ಸಾಕ್ಷಿಗಳು ದೊರೆಯುತ್ತವೆ: ಐತಿಹ್ಯ, ಶಾಸನ, ಭೂಗತ ಅವಶೇಷ. ಇವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು?

ಮೊದಲು ಐತಿಹ್ಯವನ್ನು ನೋಡೋಣ. ಈ ಕಣಿವೆಯು ಹಿಂದೆ ಸರೋವರವಾಗಿತ್ತೆಂದೂ, ಮಂಜುಶ್ರೀ ಎಂಬ ಬೋಧಿಸತ್ತ್ವನು ಖಡ್ಗದಿಂದ ಬೆಟ್ಟವನ್ನು ಸೀಳಿ ನೀರನ್ನು ಹೊರಕ್ಕೆ ಹರಿಯಿಸಿದನೆಂದೂ ಸ್ವಯಂಭೂ ಪುರಾಣವು ಹೇಳುತ್ತದೆ. ಬಾಗಮತಿ ನದಿಯು ಹಾದುಹೋಗುವ ಚೋಭಾರ್ ಎಂಬ ಇಕ್ಕಟ್ಟಾದ ಕಮರಿಯೇ ಆ ಸೀಳೆಂದು ಜನರ ನಂಬಿಕೆ. ಭೂವಿಜ್ಞಾನಿಗಳ ಪರಿಶೀಲನೆಯಲ್ಲಿ, ಕಣಿವೆಯ ತಳದಲ್ಲಿ ನೂರಾರು ಮೀಟರು ದಪ್ಪದ ಕೆಸರಿನ ಪದರಗಳು ಕಂಡುಬಂದಿವೆ. ಅಲ್ಲಿನ ಕಪ್ಪು ಜೇಡಿಮಣ್ಣಿನಲ್ಲಿ ಡಯಾಟಂ ಎಂಬ ಏಕಕೋಶ ಪಾಚಿಗಳ ಕವಚಗಳಿವೆ. ಸರೋವರವಿದ್ದುದು ಸತ್ಯವೆಂದಾಯಿತು. ಆದರೆ ಅದು ಒಂದೇ ಏಟಿಗೆ ಬರಿದಾಗಲಿಲ್ಲ. ಹಲವು ಸಾವಿರ ವರ್ಷಗಳಲ್ಲಿ ಹಂತಹಂತವಾಗಿ ಬತ್ತಿತು. ಕಮರಿಯನ್ನೂ ಕೆಸರುಮಣ್ಣನ್ನೂ ಕಂಡ ಪ್ರಾಚೀನರು ಇಲ್ಲಿ ನೀರು ನಿಂತಿದ್ದಿರಬೇಕೆಂದು ಊಹಿಸಿ ಈ ಕಥೆಯನ್ನು ಹೆಣೆದಿರಲೂಬಹುದು.

ವಂಶಾವಳಿಗಳು ಗೋಪಾಲ, ಮಹಿಷಪಾಲ, ಕಿರಾತ ಎಂಬ ರಾಜವಂಶಗಳನ್ನು ಅನುಕ್ರಮವಾಗಿ ಹೆಸರಿಸುತ್ತವೆ. ಇವು ಬಹುಕಾಲಾನಂತರ ರಚಿತವಾದವು. ಗೋಪಾಲರಾಜ ವಂಶಾವಳಿಯು ಹದಿನಾಲ್ಕನೆಯ ಶತಮಾನದ ಕೊನೆಯದು. ಆದುದರಿಂದ ಅವುಗಳಲ್ಲಿನ ಆಳ್ವಿಕೆಯ ವರ್ಷಗಳನ್ನು ಹಾಗೆಯೇ ಒಪ್ಪಲಾಗದು. ಆದರೂ ಅನಂತರ ಬಂದ ಲಿಚ್ಛವಿ ಅರಸರ ಸಂಸ್ಕೃತ ಶಾಸನಗಳಲ್ಲಿ ಸಂಸ್ಕೃತಮೂಲವಲ್ಲದ ಊರಹೆಸರುಗಳು ಹೇರಳವಾಗಿವೆ. ಲಿಚ್ಛವಿಗಳಿಗೆ ಮೊದಲೇ ಬೇರೊಂದು ಭಾಷೆಯನ್ನಾಡುವ ಜನರು ಅಲ್ಲಿ ನೆಲಸಿದ್ದರೆಂಬುದಕ್ಕೆ ಇದು ಆಧಾರ.

ಎರಡನೆಯದು ಶಾಸನ. ನಾಲ್ಕನೆಯ ಶತಮಾನದ ಸಮುದ್ರಗುಪ್ತನ ಪ್ರಯಾಗ ಪ್ರಶಸ್ತಿಯು ನೇಪಾಳವನ್ನು ಗಡಿರಾಜ್ಯಗಳಲ್ಲೊಂದಾಗಿ ಹೆಸರಿಸುತ್ತದೆ. ಕಣಿವೆಯೊಳಗಿನ ಚಾಂಗು ನಾರಾಯಣ ದೇವಾಲಯದ ಸ್ತಂಭದ ಮೇಲೆ ಲಿಚ್ಛವಿ ದೊರೆ ಮಾನದೇವನ ಶಾಸನವಿದೆ. ತಂದೆ ಧರ್ಮದೇವನು ಮಡಿದಾಗ ಸಹಗಮನಕ್ಕೆ ಸಿದ್ಧಳಾದ ತಾಯಿ ರಾಜ್ಯವತಿಯನ್ನು ಮಗನು ತಡೆದ ವೃತ್ತಾಂತವು ಅದರಲ್ಲಿದೆ. ಅದರ ಕಾಲ ಸಂವತ್ 386. ಇದನ್ನು ಶಕವರ್ಷವೆಂದು ವಿದ್ವಾಂಸರು ಗಣಿಸುತ್ತಾರೆ. 78 ಕೂಡಿಸಿದರೆ ಕ್ರಿ. ಶ. 464. ನಮ್ಮ ಬಾದಾಮಿಯ ಒಂದನೆಯ ಪುಲಕೇಶಿಯ ಬಂಡೆಗಲ್ಲಿನ ಶಾಸನದ ಶಕ 465ನ್ನು ಕ್ರಿ. ಶ. 543 ಎಂದು ತಿಳಿಯುವುದೂ ಇದೇ ಲೆಕ್ಕದಿಂದಲೇ.

ಬರಹವಿಲ್ಲದ ಕಾಲವನ್ನು ಅಳೆಯುವುದೆಂತು? ಇಲ್ಲಿ ಭೌತವಿಜ್ಞಾನವು ನೆರವಿಗೆ ಬರುತ್ತದೆ. ಪ್ರಾಚೀನ ನೇಪಾಳದ ಕಣಿವೆಯಿಂದ ಹೊರಗೆ, ಆದರೆ ಇಂದಿನ ನೇಪಾಳದೊಳಗೆ, ತಪ್ಪಲಿನ ಬಯಲಿನಲ್ಲಿ ಲುಂಬಿನಿಯಿದೆ. ಬುದ್ಧನು ಅಲ್ಲಿ ಜನಿಸಿದನೆಂದು ಅಶೋಕನ ಸ್ತಂಭವು ಸಾರುತ್ತದೆ. ರಾಬಿನ್ ಕನಿಂಗ್‌ಹ್ಯಾಮ್ ಮತ್ತು ಕೋಶಪ್ರಸಾದ ಆಚಾರ್ಯರ ತಂಡವು ಅಲ್ಲಿನ ಮಾಯಾದೇವಿ ದೇವಾಲಯದ ಕೆಳಗೆ ಉತ್ಖನನ ನಡೆಸಿ, ಮರದ ಕಂಬಗಳನ್ನು ನೆಟ್ಟಿದ್ದ ಕುಳಿಗಳನ್ನು ಕಂಡುದಾಗಿ 2013ರಲ್ಲಿ ಪ್ರಕಟಿಸಿತು.

ಅವುಗಳ ಕಾಲವನ್ನು ಎರಡು ವಿಧಾನಗಳಿಂದ ಕಂಡುಹಿಡಿಯಲಾಯಿತು. ಜೀವಿಯು ಸತ್ತ ಮೇಲೆ ಅದರಲ್ಲಿನ ವಿಕಿರಣಶೀಲ ಇಂಗಾಲ-14 ಕಡಮೆಯಾಗತೊಡಗಿ, 5,730 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. 2,550 ವರ್ಷಗಳಷ್ಟು ಹಳೆಯ ಇದ್ದಿಲಿನಲ್ಲಿ ಮೊದಲಿನ ಶೇಕಡ 73ರಷ್ಟು ಉಳಿದಿರಬೇಕು. ಇನ್ನು, ಬಿಸಿಲು ಕಾಣದೆ ಹೂತುಹೋದ ಮರಳಿನ ಕಣಗಳು ಸುತ್ತಲಿನ ಮಣ್ಣಿನ ವಿಕಿರಣದಿಂದ ಶಕ್ತಿಯನ್ನು ಸಂಗ್ರಹಿಸುತ್ತವೆ. ಪ್ರಯೋಗಶಾಲೆಯಲ್ಲಿ ಅವುಗಳ ಮೇಲೆ ಬೆಳಕು ಹಾಯಿಸಿದರೆ ಆ ಶಕ್ತಿಯು ಮಂದಪ್ರಕಾಶವಾಗಿ ಹೊರಹೊಮ್ಮುತ್ತದೆ. ಅದನ್ನಳೆದು, ಕಣಗಳು ಕಡೆಯ ಬಾರಿ ಬಿಸಿಲು ಕಂಡ ಕಾಲವನ್ನು ಗುಣಿಸಬಹುದು. ಎರಡೂ ವಿಧಾನಗಳು ಕ್ರಿ. ಪೂ. ಆರನೆಯ ಶತಮಾನವನ್ನು ಸೂಚಿಸಿದುವು.

ಹಾಗಾದರೆ ಬುದ್ಧನ ಜನ್ಮವರ್ಷವು ನಿರ್ಧಾರವಾಯಿತೆ? ಇಲ್ಲ. ಕುಳಿಗಳ ಕಾಲವು ಮಾಪನದಿಂದ ಬಂದುದು. ಅವು ಮರವೊಂದನ್ನು ಬಳಸಿದ ಪೂಜಾಸ್ಥಳದ ಗುರುತುಗಳೆಂಬುದು ಸಂಶೋಧಕರ ಅನುಮಾನ. ಅಲ್ಲಿ ಪೂಜೆಗೊಂಡವರಾರೆಂಬುದನ್ನು ಮಣ್ಣು ಹೇಳದು. ಮಾಪನ, ಅನುಮಾನ, ನಂಬಿಕೆ—ಈ ಮೂರನ್ನು ಬೆರೆಸದೆ ಬೇರೆಬೇರೆಯಾಗಿ ಇರಿಸಿಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿಗೂ ವಿಜ್ಞಾನದ ವಿದ್ಯಾರ್ಥಿಗೂ ಸಮಾನವಾಗಿ ಅವಶ್ಯಕವಾದ ಶಿಸ್ತು.