ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುವ ಮನೆ

ಬಂಗಾರಪೇಟೆಯ ಓದುಗರೊಬ್ಬರದು ಹಳೆಯ ಮನೆ. ಗೀಸರ್ ಹಾಕಿದರೆ ಸ್ವಿಚ್ ಬೋರ್ಡ್ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಅವರು ದಪ್ಪ ತಂತಿ ಕಟ್ಟಿದ್ದಾರೆ.

ಆ ಗೀಸರ್ ಇಂದೇ ನಿಲ್ಲಬೇಕು.

ಇಂಥ ಹಳೆಯ ಮನೆಗಳ ವಿದ್ಯುತ್ ಬಳಕೆ ಬಹಳ ಬದಲಾಗಿದೆ. ನಾಲ್ಕು ಬಲ್ಬು, ಒಂದು ಫ್ಯಾನಿಗೆಂದು ಎಳೆದ ವೈರಿನ ಮೇಲೆ ಈಗ ಗೀಸರ್, ಫ್ರಿಜ್, ಮಿಕ್ಸಿಗಳ ಹೊರೆ. 2000 ವ್ಯಾಟ್‌ನ ಗೀಸರ್ ಒಂದೇ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ಅದನ್ನು ತಾಳದು. ಸ್ಕ್ರೂ ಸಡಿಲವಿದ್ದರಂತೂ ಶಾಖ ಅಲ್ಲೇ ಹುಟ್ಟುತ್ತದೆ. ದಪ್ಪ ಫ್ಯೂಸ್ ತಂತಿ ಕರಗುವುದಿಲ್ಲ, ಅದರ ಬದಲು ಗೋಡೆಯೊಳಗಿನ ವೈರ್ ಕಾಯುತ್ತದೆ.

ಪರಿಹಾರ ಸ್ಪಷ್ಟ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಮೇನ್ ಆಫ್ ಮಾಡಿಸಿ, ಮೆಗ್ಗರ್ ಎಂಬ ಉಪಕರಣದಿಂದ ವೈರುಗಳ ಇನ್ಸುಲೇಷನ್ ಪರೀಕ್ಷೆ ಮಾಡಿಸಬೇಕು. ಗೀಸರ್‌ಗೆ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಸಾಕೆಟ್, ಹೊರೆ ಮಿತಿಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಬೇಕು.

ಜುಮ್ಮೆನ್ನುವುದು ಇನ್ನೂ ಗಂಭೀರ. ಗೀಸರ್‌ನಿಂದ ಕರೆಂಟ್ ಸೋರುತ್ತಿದೆ, ಅರ್ಥಿಂಗ್ ಕೆಲಸ ಮಾಡುತ್ತಿಲ್ಲ ಎಂಬ ಶಂಕೆಗೆ ಅದು ಬಲವಾದ ಕಾರಣ. ಕೋಲಾರ ಸೀಮೆಯ ಒಣನೆಲದಲ್ಲಿ ಬೇಸಿಗೆ ಬಂದರೆ ಅರ್ಥಿಂಗ್ ಮತ್ತಷ್ಟು ದುರ್ಬಲವಾಗುತ್ತದೆ. ಅದನ್ನು ಅಳೆಸಿ ಸರಿಪಡಿಸಬೇಕು. ಜೊತೆಗೆ ಕರೆಂಟ್ ಸೋರಿದರೆ ಪೂರೈಕೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ದೋಷ ಮೀಟರ್ ಅಥವಾ ಕಂಬದ ಕಡೆಯದ್ದಾದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಬೇಕು.